ವರ್ತಕ ಕವಿ ಬನಾರಸೀದಾಸರು

ಜಿನವಾಣಿಯ ಸೇವೆಯನ್ನು ಆಚಾರ್ಯರೂ ಮುನಿಗಳೂ ರಾಜಾಶ್ರಯ ಪಡೆದ ಮಹಾಕವಿಗಳೂ ಮಾಡಿದಂತೆಯೇ, ಅಂಗಡಿಯ ಗಾದಿಯ ಮೇಲೆ ಕುಳಿತು ಜಮಾಖರ್ಚು ಬರೆದ ಗೃಹಸ್ಥರೂ ಮಾಡಿದ್ದಾರೆ. ಅಂತಹ ಗೃಹಸ್ಥ ಕವಿಗಳಲ್ಲಿ ಅಗ್ರಗಣ್ಯರೆಂದು ಹೇಳಬಹುದಾದವರು ಆಗ್ರಾ ನಗರದ ಕವಿವರ ಬನಾರಸೀದಾಸರು. ಅಕ್ಬರ್, ಜಹಾಂಗೀರ್, ಷಾಜಹಾನ್ ಈ ಮೂವರು ಬಾದಶಹರ ಆಳ್ವಿಕೆಯನ್ನು ಕಂಡ ಇವರು ರತ್ನ, ವಸ್ತ್ರಗಳ ವ್ಯಾಪಾರದಲ್ಲಿ ಹಲವು ಬಾರಿ ಕೈಸುಟ್ಟುಕೊಂಡವರು. ಮೂರು ಮದುವೆಯಾಗಿ ಒಂಬತ್ತು ಮಕ್ಕಳನ್ನು ಕಳೆದುಕೊಂಡವರು. ಹನ್ನೆರಡು ವರ್ಷಗಳ ಕಾಲ ತಮ್ಮ ಸಮಾಜದ ಕಣ್ಣಿಗೆ ಧರ್ಮಬಾಹಿರರಂತೆ ಕಂಡು ನಿಂದೆಗೆ ಪಾತ್ರರಾದವರು. ಆದರೂ ಉತ್ತರ ಭಾರತದ ಶ್ರಾವಕರು ಇಂದಿಗೂ ಇವರ ‘ಸಮಯಸಾರ ನಾಟಕ’ವನ್ನು ಭಕ್ತಿಯಿಂದ ಓದುತ್ತಾರೆ.

ಕರ್ನಾಟಕದ ಜೈನಬಾಂಧವರು ಈ ಮಹನೀಯರ ಚರಿತ್ರೆಯನ್ನು ತಿಳಿಯಬೇಕಾದುದಕ್ಕೆ ಮತ್ತೊಂದು ಕಾರಣವೂ ಇದೆ. ಸಮಾಜಕ್ಕೂ ಕವಿಗೂ ನಡುವೆ ಬಿದ್ದಿದ್ದ ಗಂಟನ್ನು ಬಿಡಿಸಿದುದು ರಾಜಾಜ್ಞೆಯಲ್ಲ, ಪಂಚಾಯಿತಿಯ ದಂಡವೂ ಅಲ್ಲ. ಶ್ರವಣಬೆಳಗೊಳದ ಗೊಮ್ಮಟೇಶ್ವರನ ಕಾಲದಲ್ಲಿ ಈ ನಾಡಿನಲ್ಲಿ ಹುಟ್ಟಿದ ಒಂದು ಶಾಸ್ತ್ರಗ್ರಂಥ.

ಜನನ ಮತ್ತು ಬಾಲ್ಯ

ಬನಾರಸೀದಾಸರ ಮನೆತನವು ಶ್ರೀಮಾಲ ಜ್ಞಾತಿಗೆ ಸೇರಿದುದು. ರೋಹತಕ್ ಸಮೀಪದ ಬಿಹೋಲಿ ಗ್ರಾಮದಲ್ಲಿದ್ದ ಪೂರ್ವಿಕರು ರಜಪೂತರಾಗಿದ್ದು, ಗುರೂಪದೇಶದಿಂದ ಜೈನಧರ್ಮವನ್ನು ಸ್ವೀಕರಿಸಿದರೆಂದು ಕವಿಯೇ ಬರೆದಿದ್ದಾರೆ. ತಾತ ಮೂಲದಾಸರು ಮಾಳವ ಪ್ರಾಂತದ ನರವರದಲ್ಲಿ ಮೊಘಲ ಸರದಾರನೊಬ್ಬನ ಬಳಿ ಮೋದಿಯಾಗಿದ್ದರು. ಅವರು ತೀರಿಕೊಂಡೊಡನೆ ಸರದಾರನು ಮನೆಮಾರನ್ನೆಲ್ಲ ವಶಪಡಿಸಿಕೊಂಡನು. ವಿಧವೆಯಾದ ತಾಯಿಯು ಮಗುವಾಗಿದ್ದ ಖರಗಸೇನನನ್ನು ಎತ್ತಿಕೊಂಡು ಜೌನ್‌ಪುರದಲ್ಲಿ ರತ್ನವ್ಯಾಪಾರಿಯಾಗಿದ್ದ ತನ್ನ ತಂದೆಯ ಮನೆಯನ್ನು ಸೇರಿದಳು. ಈ ಖರಗಸೇನರೇ ಕವಿಯ ತಂದೆ.

ವಿಕ್ರಮ ಸಂವತ್ 1643ರ ಮಾಘಮಾಸದಲ್ಲಿ, ಎಂದರೆ ಕ್ರಿ.ಶ. 1586-87ರ ಸಾಲಿನಲ್ಲಿ, ಜೌನ್‌ಪುರದಲ್ಲಿ ಖರಗಸೇನರಿಗೆ ಪುತ್ರೋತ್ಸವವಾಯಿತು. ಮಗುವಿಗೆ ಮೊದಲು ಇಟ್ಟ ಹೆಸರು ವಿಕ್ರಮಾಜೀತ. ಕೆಲವು ತಿಂಗಳ ಮೇಲೆ ತಂದೆಯು ಕುಟುಂಬಸಮೇತನಾಗಿ ಕಾಶಿಗೆ ಹೋಗಿ ಭಗವಾನ್ ಪಾರ್ಶ್ವನಾಥರ ಸನ್ನಿಧಿಯಲ್ಲಿ ಮಗುವನ್ನು ಮಲಗಿಸಿದರು. ಅಲ್ಲಿನ ಪೂಜಾರಿಯು ಧ್ಯಾನದಲ್ಲಿ ಕುಳಿತವನಂತೆ ನಟಿಸಿ, ಪಾರ್ಶ್ವಯಕ್ಷನು ತನಗೆ ಪ್ರತ್ಯಕ್ಷನಾದನೆಂದೂ, ಭಗವಂತನ ಜನ್ಮಸ್ಥಳದ ಹೆಸರನ್ನೇ ಮಗುವಿಗೆ ಇಟ್ಟರೆ ದೀರ್ಘಾಯುವಾಗುವನೆಂದೂ ತಿಳಿಸಿದನು. ತಂದೆತಾಯಿಗಳು ನಂಬಿದರು. ಹೀಗೆ ಬನಾರಸಿ ಎಂಬ ಹೆಸರು ಬಂದಿತು. ಮುಂದೆ ಕವಿಯು ಈ ಪ್ರಸಂಗವನ್ನು ಬರೆಯುವಾಗ ಪೂಜಾರಿಯ ಕಪಟವನ್ನು ಮರೆಮಾಚದೆ ಹೇಳಿದ್ದಾರೆ. ಧರ್ಮದ ಹೆಸರಿನಲ್ಲಿ ನಡೆಯುವ ಸಣ್ಣ ವಂಚನೆಗಳ ನೆರಳು ಹೆಸರಿನೊಡನೆಯೇ ಅವರನ್ನು ಹಿಂಬಾಲಿಸಿದಂತೆ ತೋರುತ್ತದೆ.

ಎಂಟನೆಯ ವರ್ಷದಲ್ಲಿ ಬಾಲಕನಿಗೆ ಅಕ್ಷರಾಭ್ಯಾಸವಾಯಿತು. ಹನ್ನೊಂದನೆಯ ವರ್ಷದಲ್ಲಿ ಖೈರಾಬಾದಿನ ಕನ್ಯೆಯೊಡನೆ ವಿವಾಹವಾಯಿತು. ಸೊಸೆಯು ಮನೆ ತುಂಬಿದ ದಿನವೇ ಮನೆಯಲ್ಲಿ ಒಂದು ಹೆಣ್ಣುಮಗು ಹುಟ್ಟಿತು. ಅದೇ ದಿನ ವೃದ್ಧೆಯಾದ ಅಜ್ಜಿಯು ತೀರಿಕೊಂಡಳು. ಹುಟ್ಟು, ಮದುವೆ, ಸಾವು ಮೂರೂ ಒಂದೇ ಹೊಸ್ತಿಲನ್ನು ಒಂದೇ ದಿನ ದಾಟಿದುದನ್ನು ಆ ಬಾಲಕನು ಕಂಡನು. ಮರುವರ್ಷ, ಕ್ರಿ.ಶ. 1598ರ ವೇಳೆಗೆ, ಜೌನ್‌ಪುರದ ನವಾಬ ಕಿಲೀಚ್ ಖಾನನು ನಗರದ ರತ್ನವ್ಯಾಪಾರಿಗಳನ್ನೆಲ್ಲ ಹಿಡಿದು, ತಾನು ಕೇಳಿದುದನ್ನು ಕೊಡಲಾರದವರಿಗೆ ಚಾಟಿಯೇಟು ಕೊಡಿಸಿದನು. ವರ್ತಕರು ಹೆಂಡಿರುಮಕ್ಕಳೊಡನೆ ದಿಕ್ಕುದಿಕ್ಕಿಗೆ ಓಡಿದರು. ಆ ಅಲೆದಾಟದ ದಿನಗಳಲ್ಲಿ ಬಾಲಕ ಬನಾರಸಿಯು ಕವಡೆಗಳನ್ನು ಕೊಂಡು ಮಾರಿ ಒಂದೆರಡು ಕಾಸು ಗಳಿಸಿ ಮನೆಗೆ ತಂದನು. ಆತನ ಮೊದಲ ವ್ಯಾಪಾರವು ಅದೇ ಆಗಿದ್ದಿತು.

ಯೌವನದ ದಾರಿ

ಹದಿನಾಲ್ಕನೆಯ ವಯಸ್ಸಿನಲ್ಲಿ ಪಂಡಿತರೊಬ್ಬರ ಬಳಿ ನಿಘಂಟು, ಜ್ಯೋತಿಷ್ಯ, ಅಲಂಕಾರಗಳನ್ನೂ, ಖರತರಗಚ್ಛದ ಯತಿ ಭಾನುಚಂದ್ರರ ಬಳಿ ಧರ್ಮಪಾಠಗಳನ್ನೂ ಅವರು ಕಲಿತರು. ಆದರೆ ಅದೇ ವಯಸ್ಸಿನಲ್ಲಿ ಮನಸ್ಸು ಪ್ರಣಯದ ಕಡೆಗೂ ಹರಿಯಿತು. ತಂದೆಯ ಪೆಟ್ಟಿಗೆಯಿಂದ ಮಾಣಿಕ್ಯಗಳನ್ನು ಕದ್ದು ಪ್ರಿಯೆಗೆ ವೀಳ್ಯವನ್ನೂ ಮಿಠಾಯಿಯನ್ನೂ ಒಯ್ಯುವುದು, ಹಗಲು ಯತಿಗಳ ಬಳಿ ಪಾಠ, ಉಳಿದ ಹೊತ್ತು ವಿಲಾಸ. ಹೀಗೆ ದಿನಗಳು ಸಾಗಿದವು. ಶೃಂಗಾರವೇ ಪ್ರಧಾನವಾದ ‘ನವರಸ’ ಎಂಬ ಸಾವಿರ ಪದ್ಯಗಳ ಕಾವ್ಯವೊಂದನ್ನೂ ಬರೆದರು. ಮುಂದೆ ಮೈಯೆಲ್ಲ ವ್ರಣವಾಗುವ ಘೋರ ವ್ಯಾಧಿಗೆ ತುತ್ತಾದಾಗ ಹತ್ತಿರ ಬಂದು ಆರೈಕೆ ಮಾಡಿದವರು ಪತ್ನಿಯೂ ಅತ್ತೆಯೂ ಮಾತ್ರ. ಖೈರಾಬಾದಿನ ಕ್ಷೌರಿಕನೊಬ್ಬನ ಔಷಧೋಪಚಾರದಿಂದ ಪ್ರಾಣವುಳಿಯಿತು.

ಈ ಕಾಲದಲ್ಲಿಯೇ ಸಂನ್ಯಾಸಿವೇಷದವನೊಬ್ಬನು ಮಂತ್ರವೊಂದನ್ನು ಉಪದೇಶಿಸಿ, ಒಂದು ವರ್ಷ ಗುಟ್ಟಾಗಿ ಜಪಿಸಿದರೆ ಪ್ರತಿದಿನವೂ ಬಾಗಿಲ ಬಳಿ ಚಿನ್ನದ ನಾಣ್ಯ ದೊರೆಯುವುದೆಂದು ನಂಬಿಸಿದನು. ಬನಾರಸೀದಾಸರು ವರ್ಷವಿಡೀ ಜಪಿಸಿ, ಬಾಗಿಲ ಬಳಿ ನೆಲವನ್ನು ಹುಡುಕಿ, ಬರಿಗೈಯಲ್ಲಿ ಹಿಂದಿರುಗಿದರು. ಲಾಭದ ಆಸೆಯಿಂದ ಮಾಡಿದ ಭಕ್ತಿಯು ವ್ಯಾಪಾರವೇ ಹೊರತು ಭಕ್ತಿಯಲ್ಲವೆಂಬ ಪಾಠವನ್ನು ಅವರು ಕಲಿತುದು ಹೀಗೆ.

ಕ್ರಿ.ಶ. 1605ರ ಅಕ್ಟೋಬರಿನಲ್ಲಿ ಅಕ್ಬರ್ ಬಾದಶಹನು ಆಗ್ರಾದಲ್ಲಿ ತೀರಿಕೊಂಡ ಸುದ್ದಿಯು ಜೌನ್‌ಪುರಕ್ಕೆ ಬಂದಿತು. ಮೆಟ್ಟಿಲ ಮೇಲೆ ಕುಳಿತಿದ್ದ ಬನಾರಸೀದಾಸರು ಕೇಳಿದೊಡನೆ ಮೂರ್ಛೆಹೋಗಿ ಉರುಳಿಬಿದ್ದರು. ತಲೆಯೊಡೆದು ಅಂಗಳ ಕೆಂಪಾಯಿತು. ತಾಯಿಯು ಸುಟ್ಟ ಬಟ್ಟೆಯ ಬೂದಿಯನ್ನು ಗಾಯಕ್ಕೆ ಮೆತ್ತಿದಳು. ಊರಿನಲ್ಲೆಲ್ಲ ದಿಗಿಲು. ಅಂಗಡಿಗಳು ಮುಚ್ಚಿದವು, ಸಾಹುಕಾರರು ಒಡವೆಗಳನ್ನು ಹೂತಿಟ್ಟು ಒರಟು ಬಟ್ಟೆ ತೊಟ್ಟರು, ಬಡವನಾರು ಬಲ್ಲಿದನಾರು ಎಂಬುದೇ ತಿಳಿಯದಂತಾಯಿತು. ಹತ್ತು ದಿನಗಳ ಮೇಲೆ ಜಹಾಂಗೀರನು ಪಟ್ಟವೇರಿದನೆಂಬ ಪತ್ರ ಬಂದ ಮೇಲೆ ಜನರು ಉಸಿರುಬಿಟ್ಟರು.

ಆ ಪೆಟ್ಟಿನ ಬಳಿಕ ಬನಾರಸೀದಾಸರಲ್ಲಿ ವಿಚಾರವು ಮೊಳೆಯಿತು. ಒಂದು ದಿನ ಮಿತ್ರರೊಡನೆ ಗೋಮತಿ ನದಿಯ ಸೇತುವೆಯ ಮೇಲೆ ಕುಳಿತು ‘ನವರಸ’ವನ್ನು ಓದುತ್ತಿರುವಾಗ, ಒಂದು ಸುಳ್ಳನ್ನು ಆಡಿದವನಿಗೇ ದುರ್ಗತಿಯೆಂದ ಮೇಲೆ, ಸಾವಿರ ಪದ್ಯಗಳ ತುಂಬ ಸುಳ್ಳನ್ನೇ ಹೆಣೆದವನ ಗತಿಯೇನೆಂಬ ಯೋಚನೆ ಬಂದಿತು. ತತ್‌ಕ್ಷಣವೇ ಹಸ್ತಪ್ರತಿಯನ್ನು ನದಿಗೆ ಎಸೆದರು. ಹಾಳೆಗಳು ಪ್ರವಾಹದಲ್ಲಿ ಚದುರಿಹೋದವು. ಮಿತ್ರರು ಹಾಹಾಕಾರ ಮಾಡಿದರು. ಮಗನು ಪುಸ್ತಕವನ್ನು ಹೊಳೆಗೆ ಹಾಕಿದನೆಂದು ಕೇಳಿ ತಂದೆಯು ಹರ್ಷಪಟ್ಟರು. ಅಂದಿನಿಂದ ಬನಾರಸೀದಾಸರು ನಿತ್ಯ ಜಿನದರ್ಶನ, ಸಾಮಾಯಿಕ, ಪ್ರತಿಕ್ರಮಣ, ವ್ರತನಿಯಮಗಳಲ್ಲಿ ತೊಡಗಿದರು. ಕೆಟ್ಟ ಮಗನೆಂದು ಬೆರಳು ತೋರಿಸಿದ್ದ ಊರು ಈಗ ಅವರನ್ನು ಧರ್ಮಿಷ್ಠರ ಸಾಲಿಗೆ ಸೇರಿಸಿತು.

ವ್ಯಾಪಾರದ ಏಳುಬೀಳು

ಕ್ರಿ.ಶ. 1610ರಲ್ಲಿ ತಂದೆಯು ರತ್ನಗಳು, ಇಪ್ಪತ್ತು ಮಣ ತುಪ್ಪ, ಎಣ್ಣೆ ಮತ್ತು ಜೌನ್‌ಪುರದ ಬಟ್ಟೆಯನ್ನು ಒಪ್ಪಿಸಿ, ಮನೆಯ ಭಾರವನ್ನು ಹೊರುವಂತೆ ಹೇಳಿ ಮಗನನ್ನು ಆಗ್ರಾಕ್ಕೆ ಕಳುಹಿಸಿದರು. ದಾರಿಯಲ್ಲಿ ಇಟಾವಾದ ಬಳಿ ರಾತ್ರಿ ಬಿರುಮಳೆ ಹಿಡಿದು, ತಂಗಲು ಎಲ್ಲಿಯೂ ಎಡೆ ಸಿಕ್ಕದೆ ಕೆಸರಿನಲ್ಲಿ ಅಲೆದರು. ಆಗ್ರಾದಲ್ಲಿ ಅನುಭವವಿಲ್ಲದ ಯುವಕನು ಮಾರಿದುದರಲ್ಲಿ ನಷ್ಟ. ಬಚ್ಚಿಟ್ಟುಕೊಂಡಿದ್ದ ರತ್ನಗಳಲ್ಲಿ ಕೆಲವು ಕಳೆದುಹೋದವು. ಕೆಲವೇ ತಿಂಗಳಲ್ಲಿ ಬಂಡವಾಳವೆಲ್ಲ ಕರಗಿತು.

ಸಂಜೆಯ ಹೊತ್ತು ಬಿಡಾರದಲ್ಲಿ ‘ಮಧುಮಾಲತಿ’, ‘ಮೃಗಾವತಿ’ ಎಂಬ ಕಥಾಕಾವ್ಯಗಳನ್ನು ಅವರು ರಾಗವಾಗಿ ಓದುತ್ತಿದ್ದರು. ಹತ್ತಿಪ್ಪತ್ತು ಮಂದಿ ಬಂದು ಕೇಳುತ್ತಿದ್ದರು. ಕೇಳಲು ಬರುತ್ತಿದ್ದವರಲ್ಲಿ ಒಬ್ಬನು ಕಚೋರಿ ಮಾರುವವನು. ಅವನ ಅಂಗಡಿಯಲ್ಲಿ ಆರೇಳು ತಿಂಗಳು ಸಾಲವಾಗಿ ತಿಂದು ಹೊಟ್ಟೆ ಹೊರೆದರು. ತಮ್ಮಲ್ಲಿ ಕಾಸಿಲ್ಲವೆಂಬುದನ್ನು ಒಂದು ದಿನ ಏಕಾಂತದಲ್ಲಿ ಅವನಿಗೆ ನಿಜವಾಗಿ ತಿಳಿಸಿದಾಗ, ಆ ಬಡ ವ್ಯಾಪಾರಿಯು ಸಾಲದ ಮಾತೆತ್ತದೆ ಇನ್ನೂ ತಿನ್ನಲು ಹೇಳಿದನು. ಮುಂದೆ ಕೈಯಲ್ಲಿ ಹಣ ಬಂದಾಗ ಬನಾರಸೀದಾಸರು ಲೆಕ್ಕ ನೋಡಿ ಹದಿನಾಲ್ಕು ರೂಪಾಯಿಗಳನ್ನು ಸಲ್ಲಿಸಿದರು. ಖೈರಾಬಾದಿಗೆ ಹೋದಾಗ ಪತ್ನಿಯು ತಾನು ಕೂಡಿಸಿಟ್ಟಿದ್ದ ಇಪ್ಪತ್ತು ರೂಪಾಯಿಗಳನ್ನು ಪತಿಯ ಮುಂದಿರಿಸಿದಳು. ಅತ್ತೆಯು ಯಾರಿಗೂ ತಿಳಿಯದಂತೆ ಇನ್ನೂರು ರೂಪಾಯಿ ಕೊಟ್ಟಳು. ದಾನ, ವಾತ್ಸಲ್ಯ ಎಂಬ ಶಬ್ದಗಳ ಅರ್ಥವನ್ನು ಕವಿಯು ಪುಸ್ತಕಕ್ಕಿಂತ ಮೊದಲು ಕಂಡುದು ಇಂತಹವರ ಕೈಗಳಲ್ಲಿ.

ಆಗ್ರಾದಲ್ಲಿ ದೊರೆತ ನರೋತ್ತಮದಾಸನೆಂಬ ಮಿತ್ರನು ವ್ಯಾಪಾರದಲ್ಲಿ ಪಾಲುಗಾರನೂ ಬದುಕಿನಲ್ಲಿ ಸಹೋದರನೂ ಆದನು. ಅವನ ಅಪೇಕ್ಷೆಯಂತೆ ಸಂವತ್ 1670ರಲ್ಲಿ, ಎಂದರೆ 1613ರಲ್ಲಿ, ‘ನಾಮಮಾಲಾ’ ಎಂಬ ಪದ್ಯರೂಪದ ನಿಘಂಟನ್ನು ರಚಿಸಿದರು. ಆದರೆ ಆ ಮಿತ್ರನೂ ಬಹುಕಾಲ ಉಳಿಯಲಿಲ್ಲ. ಪತ್ನಿಯೂ ಆಕೆ ಹೆತ್ತ ಮಗುವೂ ತೀರಿಕೊಂಡ ಸುದ್ದಿಯನ್ನೂ, ಆಕೆಯ ತಂಗಿಯೊಡನೆ ನಿಶ್ಚಯವಾದ ಸಂಬಂಧದ ಸುದ್ದಿಯನ್ನೂ ಒಬ್ಬನೇ ದೂತನು ಒಟ್ಟಿಗೆ ತಂದನು. 1616ರಲ್ಲಿ ತಂದೆಯು ಕಾಲವಾದರು. ಅದೇ ಕಾಲಕ್ಕೆ ಆಗ್ರಾದಲ್ಲಿ ಗಂಟುಬೇನೆಯ ಮಹಾಮಾರಿ ಹರಡಿತು. ಇಲಿಗಳು ಸತ್ತುಬೀಳುತ್ತಿದ್ದವು, ಮೈಯಲ್ಲಿ ಗಂಟು ಎದ್ದವನು ಉಳಿಯುತ್ತಿರಲಿಲ್ಲ, ಜನರು ಊರನ್ನು ಬಿಟ್ಟು ಓಡಿದರು. ಪ್ಲೇಗಿನ ಈ ವರ್ಣನೆಯನ್ನು ಇತಿಹಾಸಕಾರರು ಇಂದಿಗೂ ಆಧಾರವಾಗಿ ಹಿಡಿಯುತ್ತಾರೆ.

ಒಂದು ಗ್ರಂಥ, ಹನ್ನೆರಡು ವರ್ಷ

ಇಷ್ಟೊಂದು ಸಾವುಗಳನ್ನು ಕಂಡ ಮನಸ್ಸಿಗೆ ನಿತ್ಯನಿಯಮಗಳು ಸಾಲದಾದವು. ಕ್ರಿ.ಶ. 1623ರಲ್ಲಿ ಅರಥಮಲ ಎಂಬ ಅಧ್ಯಾತ್ಮಪ್ರಿಯ ಗೃಹಸ್ಥರು ಒಂದು ಹಸ್ತಪ್ರತಿಯನ್ನು ಅವರ ಕೈಗಿತ್ತರು. ಅದು ಭಗವಾನ್ ಕುಂದಕುಂದಾಚಾರ್ಯರ ‘ಸಮಯಸಾರ’ಕ್ಕೆ ಸಂಬಂಧಿಸಿ, ಅಮೃತಚಂದ್ರಾಚಾರ್ಯರ ಕಲಶಗಳ ಮೇಲೆ ಪಾಂಡೆ ರಾಜಮಲ್ಲರು ದೇಶಭಾಷೆಯಲ್ಲಿ ಬರೆದ ಟೀಕೆ. ಆತ್ಮನು ಶುದ್ಧನು, ಬುದ್ಧನು. ಕರ್ಮವೂ ಶರೀರವೂ ಅವನಲ್ಲ. ಪುಣ್ಯವೂ ಪಾಪದಂತೆಯೇ ಬಂಧನವೆಂಬ ನಿಶ್ಚಯನಯದ ಉಪದೇಶವು ಆ ಗ್ರಂಥದ ಹೃದಯ. ಬನಾರಸೀದಾಸರು ಮತ್ತೆ ಮತ್ತೆ ಓದಿದರು. ಬೆಟ್ಟದ ಶಿಖರವು ಕಣ್ಣಿಗೆ ಬಿದ್ದಿತು. ಆದರೆ ಏರುವ ಮೆಟ್ಟಿಲುಗಳನ್ನು ತೋರಿಸುವವರು ಯಾರೂ ಹತ್ತಿರದಲ್ಲಿ ಇರಲಿಲ್ಲ.

ಪರಿಣಾಮವು ವಿಪರೀತವಾಯಿತು. ಆತ್ಮನು ಸದಾ ಶುದ್ಧನಾದರೆ ಪೂಜೆಯೇಕೆ, ಜಪವೇಕೆ, ಉಪವಾಸವೇಕೆ ಎಂಬ ತರ್ಕವು ಬಲಿಯಿತು. ಸಾಮಾಯಿಕ, ಪ್ರತಿಕ್ರಮಣಗಳು ನಿಂತವು. ಜಿನಬಿಂಬದ ವಿಷಯದಲ್ಲಿ ಮನಸ್ಸು ಒಳಗೊಳಗೇ ಅನಾದರವನ್ನು ತಾಳಿತು. ದೇವರಿಗೆ ಅರ್ಪಿಸಿದ ನೈವೇದ್ಯವನ್ನೂ ತಿನ್ನುವಷ್ಟು ದೂರ ಹೋಯಿತು. ಚಂದ್ರಭಾನ, ಉದಯಕರಣ, ಥಾನಮಲ್ಲ ಎಂಬ ಮಿತ್ರರು ಜೊತೆಯಾದರು. ನಾಲ್ವರೂ ಕೋಣೆಯ ಬಾಗಿಲು ಹಾಕಿಕೊಂಡು, ಬಟ್ಟೆ ಕಳಚಿ, ತಾವು ಪರಿಗ್ರಹರಹಿತ ಮುನಿಗಳೆಂದು ಹೇಳಿಕೊಂಡು ಕುಣಿದರು. ಶಾಸ್ತ್ರದ ಮಾತುಗಳನ್ನು ಹಾಸ್ಯಕ್ಕೆ ಬಳಸಿದರು. ಈ ಸಂಗತಿಗಳನ್ನು ಹಗೆಗಳು ಬರೆದುದಲ್ಲ. ಕವಿಯೇ ತಮ್ಮ ಆತ್ಮಕಥೆಯಲ್ಲಿ ಒಂದನ್ನೂ ಬಿಡದೆ ಬರೆದಿದ್ದಾರೆ.

ಸಮಾಜವು ಸಹಿಸಲಿಲ್ಲ. ಶ್ರಾವಕರೂ ಯತಿಗಳೂ ಇವರಿಗೆ ‘ಖೋಸರಾಮತಿ’ ಎಂಬ ಅಡ್ಡಹೆಸರನ್ನು ಇಟ್ಟರು. ನಾಲ್ವರು ಕೂಡಿ ಮಾಡಿದ ಕೆಲಸದ ಅಪವಾದವು ಮುಖ್ಯವಾಗಿ ಬನಾರಸೀದಾಸರ ತಲೆಗೇ ಬಂದಿತು. ಏಕೆಂದರೆ ಅವರು ಕುಲೀನರು, ಪಂಡಿತರೆಂದು ಹೆಸರಾದವರು. ಹೆಸರುಳ್ಳವನ ತಪ್ಪಿಗೆ ರೆಕ್ಕೆ ಹೆಚ್ಚು. ನಿಂದೆಯು ಬೆಳೆದಂತೆ ಅವರ ಹಟವೂ ಬೆಳೆಯಿತು. ನಿಂದೆ, ಸ್ತುತಿಗಳೆರಡೂ ಕರ್ಮೋದಯದ ಫಲವೆಂದು ತಮಗೆ ತಾವೇ ಸಮಾಧಾನ ಹೇಳಿಕೊಂಡು ಅದೇ ದಾರಿಯಲ್ಲಿ ನಡೆದರು. ಹೀಗೆ ಒಂದಲ್ಲ, ಎರಡಲ್ಲ, ಹನ್ನೆರಡು ವರ್ಷಗಳು ಉರುಳಿದವು.

ಇಲ್ಲಿ ತಪ್ಪು ಯಾರದೆಂಬುದನ್ನು ನಿಷ್ಪಕ್ಷಪಾತವಾಗಿ ವಿಚಾರಿಸಬೇಕು. ಪೂಜೆಯನ್ನು ಹಳಿದುದೂ ಮುನಿಮುದ್ರೆಯನ್ನು ಅಣಕಿಸಿದುದೂ ಬನಾರಸೀದಾಸರ ತಪ್ಪು. ಅದಕ್ಕೆ ಸಮರ್ಥನೆಯಿಲ್ಲ, ಅವರೂ ಮಾಡಿಕೊಂಡಿಲ್ಲ. ಆದರೆ ಸಮಾಜದ ಪಾಲೂ ಇದರಲ್ಲಿ ಇಲ್ಲದಿಲ್ಲ. ಪೂಜಾರಿಯ ಕಪಟ, ನಾಣ್ಯದ ಮಂತ್ರ, ಅರ್ಥ ತಿಳಿಯದೆ ಉರುಹೊಡೆದ ಪಾಠ, ಇವುಗಳ ನಡುವೆ ಬೆಳೆದ ಬುದ್ಧಿವಂತನೊಬ್ಬನಿಗೆ ಕ್ರಿಯೆಯ ತಿರುಳನ್ನು ಬಿಡಿಸಿ ಹೇಳಿದವರು ಇರಲಿಲ್ಲ. ಅವನು ಎಡವಿದಾಗ ಅಡ್ಡಹೆಸರಿಡಲು ಅನೇಕರು ಮುಂದೆ ಬಂದರು. ಗ್ರಂಥವನ್ನು ಎದುರಿಗಿಟ್ಟುಕೊಂಡು ಜೊತೆಯಲ್ಲಿ ಕುಳಿತುಕೊಳ್ಳುವವರು ಹನ್ನೆರಡು ವರ್ಷಗಳಾದ ಮೇಲೆ ಬಂದರು.

ದಕ್ಷಿಣದಿಂದ ಬಂದ ಬೆಳಕು

ಕ್ರಿ.ಶ. 1635ರಲ್ಲಿ ಪಂಡಿತ ರೂಪಚಂದರು ಆಗ್ರಾಕ್ಕೆ ಆಗಮಿಸಿ, ತಿಹುನಾ ಸಾಹು ಎಂಬ ಶ್ರಾವಕರು ಕಟ್ಟಿಸಿದ್ದ ಜಿನಮಂದಿರದಲ್ಲಿ ಬಿಡಾರ ಮಾಡಿದರು. ಅಧ್ಯಾತ್ಮಾಸಕ್ತರೆಲ್ಲರೂ ಸೇರಿ ವಿನಂತಿಸಿದ ಮೇಲೆ ಅವರು ಅಲ್ಲಿ ‘ಗೋಮ್ಮಟಸಾರ’ದ ಪ್ರವಚನವನ್ನು ಆರಂಭಿಸಿದರು.

ಗೋಮ್ಮಟಸಾರವು ಗಂಗರಾಜ್ಯದ ಮಹಾಮಂತ್ರಿ ಚಾವುಂಡರಾಯನಿಗಾಗಿ ಶ್ರೀ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಹತ್ತನೆಯ ಶತಮಾನದಲ್ಲಿ ರಚಿಸಿದ ಪ್ರಾಕೃತ ಗ್ರಂಥವೆಂಬುದು ಎಲ್ಲರೂ ಬಲ್ಲ ಸಂಗತಿ. ವಿಂಧ್ಯಗಿರಿಯ ಮೇಲೆ ಬಾಹುಬಲಿ ಸ್ವಾಮಿಯ ಮಹಾಮೂರ್ತಿಯು ನಿಂತುದು ಕ್ರಿ.ಶ. 981ರಲ್ಲಿ ಎಂದು ಎಣಿಕೆ. ಆ ಮೂರ್ತಿಯನ್ನು ಮಾಡಿಸಿದವನಿಗೂ ಗೊಮ್ಮಟನೆಂಬ ಹೆಸರು. ಅವನಿಗಾಗಿ ಹುಟ್ಟಿದ ಗ್ರಂಥಕ್ಕೂ ಅದೇ ಹೆಸರು. 1359ರಲ್ಲಿ ಕೇಶವಣ್ಣನು ಈ ಗ್ರಂಥಕ್ಕೆ ಕನ್ನಡದಲ್ಲಿ ವೃತ್ತಿಯನ್ನು ಬರೆದನು. ಅದನ್ನೇ ಆಧರಿಸಿ ಸಂಸ್ಕೃತ ಟೀಕೆ ಹುಟ್ಟಿತೆಂಬುದನ್ನು ಡಾ. ಆ. ನೇ. ಉಪಾಧ್ಯೆಯವರು ತೋರಿಸಿಕೊಟ್ಟಿದ್ದಾರೆ. ಕನ್ನಡ ನೆಲದ ಕಲ್ಲು ಬೆಟ್ಟದ ಮೇಲೆ ನಿಂತಿತು. ಕನ್ನಡ ನೆಲದ ಶಾಸ್ತ್ರವು ಯಮುನಾತೀರದವರೆಗೆ ನಡೆದುಹೋಯಿತು.

ಆ ಗ್ರಂಥದಲ್ಲಿ ಜೀವನು ಏರಬೇಕಾದ ಹದಿನಾಲ್ಕು ಗುಣಸ್ಥಾನಗಳ ವಿವರಣೆಯಿದೆ. ಮೊದಲನೆಯದು ಮಿಥ್ಯಾತ್ವ; ನಾಲ್ಕನೆಯದರಲ್ಲಿ ಸಮ್ಯಗ್ದರ್ಶನವುಂಟು, ವ್ರತವಿಲ್ಲ; ಐದನೆಯದು ಅಣುವ್ರತಗಳನ್ನು ಹಿಡಿದ ಶ್ರಾವಕನದು; ಆರನೆಯದರಿಂದ ಮುನಿಯ ದಾರಿ; ಹದಿಮೂರನೆಯದರಲ್ಲಿ ಕೇವಲಜ್ಞಾನ. ಯಾವ ಮೆಟ್ಟಿಲಿನಲ್ಲಿ ಯಾವ ಕ್ರಿಯೆಯು ಉಚಿತವೋ ಅದನ್ನು ಅಲ್ಲಿ ಮಾಡಲೇಬೇಕು. ಮೇಲಿನ ಮೆಟ್ಟಿಲಿನ ಮಾತನ್ನು ಕೆಳಗೆ ನಿಂತು ಆಡಿದವನು ಮೇಲೇರುವುದಿಲ್ಲ, ನಿಂತಲ್ಲಿಯೂ ಜಾರುತ್ತಾನೆ. ಸಮಯಸಾರದ ನಿಶ್ಚಯವು ಸುಳ್ಳಲ್ಲ, ಶ್ರಾವಕನ ಪೂಜೆ, ದಾನ, ವ್ರತಗಳೂ ವ್ಯರ್ಥವಲ್ಲ. ಅದು ಗುರಿ, ಇವು ಮೆಟ್ಟಿಲುಗಳು. ರೂಪಚಂದರು ಯಾರನ್ನೂ ಹೆಸರಿಸಿ ಖಂಡಿಸದೆ, ಗ್ರಂಥವನ್ನು ಕ್ರಮವಾಗಿ ಬಿಡಿಸುತ್ತ ಹೋದರು. ಕೇಳುತ್ತ ಕುಳಿತ ಬನಾರಸೀದಾಸರ ಸಂಶಯಗಳು ಒಂದೊಂದಾಗಿ ಕಳಚಿಬಿದ್ದವು. ಐವತ್ತರ ಹತ್ತಿರದ ಮನುಷ್ಯನು ಮತ್ತೆ ವಿದ್ಯಾರ್ಥಿಯಾದನು. ಶ್ವೇತಾಂಬರ ಮನೆತನದಲ್ಲಿ ಹುಟ್ಟಿದ ಅವರು ದಿಗಂಬರ ಆಮ್ನಾಯದ ತತ್ತ್ವದಲ್ಲಿ ದೃಢರಾದುದು ಈ ಪ್ರವಚನದಿಂದ. ಎರಡು ವರ್ಷಗಳ ಅನಂತರ ರೂಪಚಂದರು ತೀರಿಕೊಂಡರು. ಅಷ್ಟರಲ್ಲಿ ಅವರ ಕೆಲಸವು ಪೂರ್ಣವಾಗಿದ್ದಿತು.

ಸಮಯಸಾರ ನಾಟಕ

ಫಲವು ಮರುವರ್ಷವೇ ಕಂಡಿತು. ಸಂವತ್ 1693ರ ಆಶ್ವಯುಜ ಶುಕ್ಲ ತ್ರಯೋದಶಿಯಂದು, ಎಂದರೆ ಕ್ರಿ.ಶ. 1636ರಲ್ಲಿ, ‘ಸಮಯಸಾರ ನಾಟಕ’ವು ಸಮಾಪ್ತವಾಯಿತು. 727 ಪದ್ಯಗಳ ಈ ಗ್ರಂಥವು ಹಿಂದೀ ಭಾಷೆಯಲ್ಲಿದ್ದು, ಸಂಸ್ಕೃತ ಪ್ರಾಕೃತಗಳನ್ನು ಅರಿಯದ ವರ್ತಕರಿಗೂ ಗೃಹಿಣಿಯರಿಗೂ ಅಧ್ಯಾತ್ಮವನ್ನು ತಲುಪಿಸಿತು. ಆಗ್ರಾದಲ್ಲಿ ರೂಪಚಂದ, ಚತುರ್ಭುಜ, ಭಗವತೀದಾಸ, ಕುಂವರಪಾಲ, ಧರ್ಮದಾಸ ಎಂಬ ಐವರು ಸೇರಿ ನಿತ್ಯವೂ ಪರಮಾರ್ಥ ಚರ್ಚೆ ಮಾಡುತ್ತಿದ್ದುದನ್ನು ಕವಿಯು ಕೃತಜ್ಞತೆಯಿಂದ ನೆನೆದಿದ್ದಾರೆ.

ಈ ಗ್ರಂಥದ ಕೊನೆಯಲ್ಲಿ ಕುಂದಕುಂದರ ಮೂಲದಲ್ಲಿಲ್ಲದ ಒಂದು ಅಧಿಕಾರವನ್ನು ಬನಾರಸೀದಾಸರು ತಾವಾಗಿಯೇ ಸೇರಿಸಿದರು. ಅದು ಹದಿನಾಲ್ಕು ಗುಣಸ್ಥಾನಗಳ ಅಧಿಕಾರ. ತಾನು ಎಡವಿದ ಜಾಗದಲ್ಲಿ ಮುಂದಿನವರು ಎಡವಬಾರದೆಂದು ದೀಪವನ್ನಿಟ್ಟಂತಾಯಿತು. ಅದಕ್ಕಿಂತಲೂ ಗಮನಿಸಬೇಕಾದುದು, ಆ ಅಧಿಕಾರವು ಜಿನಪ್ರತಿಮೆಯ ಸ್ತುತಿಯಿಂದ ಆರಂಭವಾಗುತ್ತದೆ. ಜಿನಬಿಂಬವು ಸಾಕ್ಷಾತ್ ಜಿನನಿಗೆ ಸಮಾನವೆಂದು ಸಾರಿ ಕವಿಯು ಅದಕ್ಕೆ ತಲೆಬಾಗಿದ್ದಾರೆ. ನೈವೇದ್ಯವನ್ನು ತಿಂದು ನಕ್ಕಿದ್ದ ಅದೇ ಕೈಗಳು ಈಗ ಮುಗಿದು ನಿಂತವು. ‘ಕಲ್ಯಾಣಮಂದಿರ ಸ್ತೋತ್ರ’ವನ್ನು ಹಿಂದಿಗೆ ತಂದವರೂ ಅವರೇ, ಇಂದಿಗೂ ಉತ್ತರದ ಬಸದಿಗಳಲ್ಲಿ ಅದು ಪಠನವಾಗುತ್ತದೆ.

ಅರ್ಧಕಥೆ

ಸಂವತ್ 1698ರಲ್ಲಿ, ಎಂದರೆ ಕ್ರಿ.ಶ. 1641ರಲ್ಲಿ, ಐವತ್ತೈದು ವರ್ಷ ತುಂಬಿದಾಗ ಬನಾರಸೀದಾಸರು ತಮ್ಮ ಜೀವನವನ್ನು 675 ಪದ್ಯಗಳಲ್ಲಿ ಬರೆದರು. ಮನುಷ್ಯನ ಪೂರ್ಣಾಯುಷ್ಯವನ್ನು 110 ವರ್ಷವೆಂದು ಎಣಿಸಿ, ತಮ್ಮದು ಅರ್ಧವಷ್ಟೇ ಮುಗಿದಿದೆಯೆಂದು ‘ಅರ್ಧಕಥಾನಕ’ ಎಂದು ಹೆಸರಿಟ್ಟರು. ಭಾರತೀಯ ಭಾಷೆಗಳಲ್ಲಿ ಹುಟ್ಟಿದ ಮೊದಮೊದಲ ಆತ್ಮಚರಿತ್ರೆಗಳಲ್ಲಿ ಇದಕ್ಕೆ ಮುಖ್ಯಸ್ಥಾನವಿದೆ. 1943ರಲ್ಲಿ ಪಂಡಿತ ನಾಥೂರಾಮ ಪ್ರೇಮಿಯವರು ಇದನ್ನು ಸಂಪಾದಿಸಿ ಪ್ರಕಟಿಸಿದರು; 1981ರಲ್ಲಿ ಮುಕುಂದ ಲಾಠರ ಇಂಗ್ಲಿಷ್ ಅನುವಾದವು ಬಂದ ಮೇಲೆ ಜಗತ್ತಿನ ವಿದ್ವಾಂಸರ ಗಮನವು ಇದರತ್ತ ಹರಿಯಿತು.

ಸಾಹುಕಾರನು ವರ್ಷದ ಕೊನೆಯಲ್ಲಿ ಖಾತೆಯನ್ನು ಮುಗಿಸುವಂತೆ ಕವಿಯು ಕೊನೆಯಲ್ಲಿ ತಮ್ಮ ಗುಣಗಳನ್ನೂ ದೋಷಗಳನ್ನೂ ಎದುರುಬದುರಾಗಿ ಬರೆದಿಟ್ಟಿದ್ದಾರೆ. ಕವಿತ್ವ, ಕ್ಷಮೆ, ಸಂತೋಷ, ಮೃದುವಚನಗಳು ಒಂದು ಕಡೆ. ಇನ್ನೊಂದು ಕಡೆ, ಹಣದ ಮೇಲಿನ ಪ್ರಬಲವಾದ ಆಸೆ, ಅಲ್ಪಕ್ಕೆ ನಗು, ಅಲ್ಪಕ್ಕೆ ದುಃಖ, ಸುಳ್ಳುಕಥೆ ಕಟ್ಟುವ ಚಪಲ, ಒಂಟಿಯಾಗಿದ್ದಾಗ ಕುಣಿಯುವ ಅಭ್ಯಾಸ, ಕಾರಣವಿಲ್ಲದ ಅಂಜಿಕೆ. ಜಪ, ತಪ, ದಾನ, ಪೂಜೆಗಳಲ್ಲಿ ತಮಗೆ ಇನ್ನೂ ಹೆಚ್ಚಿನ ಉತ್ಸಾಹವಿಲ್ಲವೆಂಬುದನ್ನೂ ಮರೆಮಾಚಿಲ್ಲ. ಇದನ್ನು ಓದಿದವರಿಗೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ರೂಪಚಂದರ ಪ್ರವಚನವು ಅವರನ್ನು ಒಂದೇ ದಿನದಲ್ಲಿ ಮಹಾವ್ರತಿಯನ್ನಾಗಿ ಮಾಡಲಿಲ್ಲ. ಅಣಕವನ್ನು ಬಿಡಿಸಿತು, ತಾವು ನಿಂತಿರುವ ಮೆಟ್ಟಿಲು ಯಾವುದೆಂಬುದನ್ನು ಕಾಣಿಸಿತು. ಶ್ರಾವಕನಿಗೆ ಅದು ಸಣ್ಣ ಲಾಭವಲ್ಲ.

ಇಬ್ಬರು ಹೆಣ್ಣುಮಕ್ಕಳು, ಏಳು ಮಂದಿ ಗಂಡುಮಕ್ಕಳು ಹುಟ್ಟಿ, ಒಬ್ಬರೂ ಉಳಿಯದೆ, ಕೊನೆಗೆ ಎಲೆಯುದುರಿದ ಮರಗಳಂತೆ ದಂಪತಿಗಳಿಬ್ಬರೇ ಉಳಿದರು. ಅರ್ಧಕಥೆಯನ್ನು ಬರೆದ ಮೇಲೆ ಕವಿಯು ಬಹುಕಾಲ ಬದುಕಲಿಲ್ಲ. ಉಳಿದರ್ಧವನ್ನು ಬರೆಯುವ ಯೋಗ ಬರಲಿಲ್ಲ. ಆಗ್ರಾದ ಜಗಜೀವನರು ಸಂವತ್ 1701ರಲ್ಲಿ, ಎಂದರೆ 1644ರಲ್ಲಿ, ಅವರ ಬಿಡಿಕೃತಿಗಳನ್ನು ಕೂಡಿಸಿ ‘ಬನಾರಸೀವಿಲಾಸ’ವೆಂಬ ಸಂಕಲನವನ್ನು ಮಾಡಿದರು. ಕವಿಯು ತೀರಿಕೊಂಡ ಮೇಲೂ ವಿರೋಧವು ನಿಲ್ಲಲಿಲ್ಲ. ಶ್ವೇತಾಂಬರ ಪಂಡಿತ ಮೇಘವಿಜಯರು ಇವರ ಮತವನ್ನು ಖಂಡಿಸಲೆಂದೇ ‘ಯುಕ್ತಿಪ್ರಬೋಧ’ವನ್ನು ಬರೆದರು. ಆದರೆ ಮಕ್ಕಳಿಲ್ಲದ ಆ ವರ್ತಕನ ಗ್ರಂಥಗಳನ್ನು ಆಗ್ರಾದಿಂದ ಜಯಪುರದವರೆಗೆ ಸಾವಿರಾರು ಮನೆಗಳು ತಮ್ಮ ಹಿರಿಯರ ಆಸ್ತಿಯಂತೆ ಕಾಪಾಡಿಕೊಂಡು ಬಂದವು.

ಉಪಸಂಹಾರ

ಬನಾರಸೀದಾಸರ ಚರಿತ್ರೆಯು ಧರ್ಮಾಯತನಗಳನ್ನು ಕಟ್ಟುವವರಿಗೆ ಒಂದು ಮುಖ್ಯ ವಿಷಯವನ್ನು ತಿಳಿಸುತ್ತದೆ. ತಿಹುನಾ ಸಾಹುವು ಮಂದಿರವನ್ನು ಕಟ್ಟಿಸದೆ ಇದ್ದರೆ ರೂಪಚಂದರಿಗೆ ಇಳಿಯಲು ಸ್ಥಳವಿರಲಿಲ್ಲ. ಮಂದಿರವಿದ್ದೂ ಅಲ್ಲಿ ಶಾಸ್ತ್ರವನ್ನು ಬಿಚ್ಚದೆ ಇದ್ದರೆ ಬನಾರಸೀದಾಸರು ಒಳಗೆ ಬಂದು ಕುಳಿತುಕೊಳ್ಳುತ್ತಿರಲಿಲ್ಲ. ಬಿಂಬಪ್ರತಿಷ್ಠೆಯಿಂದ ಬಸದಿಗೆ ಪ್ರಾಣ ಬರುತ್ತದೆ. ಸ್ವಾಧ್ಯಾಯದಿಂದ ಅದಕ್ಕೆ ಬಾಯಿ ಬರುತ್ತದೆ. ಪೂಜೆಯೇಕೆಂದು ಪ್ರಶ್ನಿಸುವ ಯುವಕರು ಪ್ರತಿ ಕಾಲದಲ್ಲಿಯೂ, ಪ್ರತಿ ಊರಿನಲ್ಲಿಯೂ ಇರುತ್ತಾರೆ. ಅವರ ಪ್ರಶ್ನೆಗೆ ಅಡ್ಡಹೆಸರು ಉತ್ತರವಲ್ಲ. ಗದರಿಕೆಯಿಂದ ಹೊರಗೆ ಹೋದವನು ಗದರಿಕೆಯಿಂದ ಒಳಗೆ ಬರುವುದಿಲ್ಲ. ಹನ್ನೆರಡು ವರ್ಷಗಳ ನಿಂದೆಯಿಂದ ಆಗದ ಕೆಲಸವು ಕೆಲವು ತಿಂಗಳ ಗ್ರಂಥವಾಚನದಿಂದ ಆಯಿತು.

ಸಮಾಜವನ್ನು ಎದುರಿಸಿದ ಕವಿಯು ಕೊನೆಗೆ ಸಮಾಜಕ್ಕೇ ದೀವಿಗೆಯಾದನು. ಅವನನ್ನು ಕಳೆದುಕೊಳ್ಳಲಿದ್ದ ಸಮಾಜವು ಒಬ್ಬ ಪಂಡಿತನ ತಾಳ್ಮೆಯಿಂದ ಅವನನ್ನು ಮರಳಿ ಪಡೆಯಿತು. ಯಮುನೆಯ ದಡದಲ್ಲಿ ನಡೆದ ಈ ಉಪಕಾರದಲ್ಲಿ ಬೆಳಗೊಳದ ನೇಮಿಚಂದ್ರಾಚಾರ್ಯರ ಪಾಲೂ ಇದೆಯೆಂಬುದು ಕನ್ನಡನಾಡಿನ ಶ್ರಾವಕರಿಗೆ ಹೆಮ್ಮೆಯ ವಿಷಯ. ಆ ಗ್ರಂಥವು ಈ ನಾಡಿನ ಬಸದಿಗಳ ಕಪಾಟಿನಲ್ಲಿ ಬಟ್ಟೆಯಲ್ಲಿ ಸುತ್ತಿಟ್ಟ ಕಟ್ಟಾಗಿಯೇ ಉಳಿಯದೆ, ವಾರಕ್ಕೊಮ್ಮೆಯಾದರೂ ಪೀಠದ ಮೇಲೆ ತೆರೆದುಕೊಂಡರೆ ಆ ಹೆಮ್ಮೆಯು ಸಾರ್ಥಕವಾದೀತು.